ಸೇತುವೆ ಮಾರ್ಕಿನ ರೈಲು

ಯಶೋದಮ್ಮನಿಗೆ ಹಲ್ಲಿನ ಡಾಕ್ಟರೆಂದರೆ ಪೊಲೀಸರಿಗಿಂತ ಹೆಚ್ಚು ಭಯ. ದವಡೆಹಲ್ಲು ಎಷ್ಟೋ ದಿನದಿಂದ ಸತಾಯಿಸುತ್ತಿದ್ದರೂ ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ ದಿನ ತಳ್ಳಿದ್ದಳು. ಕೊನೆಗೊಂದು ಬೆಳಿಗ್ಗೆ ಕೆನ್ನೆ ಬೋಂಡದಂತೆ ಊದಿಕೊಂಡದ್ದನ್ನು ಕಂಡು ಮಗಳು ಸುಮಾ ಸ್ಕೂಟರನ್ನು ಬೀದಿಗಿಳಿಸಿ, "ಹತ್ತವ್ವಾ, ಇನ್ನ ನಿನ್ನ ಮಾತು ಕೇಳಂಗಿಲ್ಲ" ಅಂದಳು. ದಾವಣಗೆರೆಯಲ್ಲಿ ದೋಸೆ ಹೋಟೆಲಿಗೂ ಬರವಿಲ್ಲ, ಹಲ್ಲಿನ ಡಾಕ್ಟರಿಗೂ ಬರವಿಲ್ಲ. ಸರಸ್ವತಿ ನಗರದ ಮನೆಯಿಂದ ಎರಡು ತಿರುವು ದಾಟುವಷ್ಟರಲ್ಲಿ ಡಾಕ್ಟರ್ ಅಂಜನ್ ಅವರ ಬೋರ್ಡು ಕಂಡಿತು.

ಒಳಗೆ ಕಾಯುವವರ ಕೋಣೆಯಲ್ಲಿ ಗೋಡೆಗೊರಗಿಸಿದ ಒಂದು ಗಾಜಿನ ಬೀರು ಇತ್ತು. ಬೇರೆ ಡಾಕ್ಟರುಗಳ ಹತ್ತಿರವಾದರೆ ಅದರಲ್ಲಿ ಸುಣ್ಣದ ದವಡೆಗಳೋ, ಬಹುಮಾನದ ಬಟ್ಟಲುಗಳೋ ಇರುತ್ತಿದ್ದವು. ಇಲ್ಲಿ ಇದ್ದದ್ದು ರೈಲು. ಮೇಲಿನ ಹಲಗೆಯ ಮೇಲೆ ಗೇಣುದ್ದದ ಕಪ್ಪು ಇಂಜಿನ್; ಕೆಂಪು ಚಕ್ರ, ಕೂದಲೆಳೆಯಂಥ ಸರಳು, ಹೊಗೆಕೊಳವೆಯ ಕಂಠಕ್ಕೆ ಹಿತ್ತಾಳೆಯ ಪಟ್ಟಿ. ಬಂದವರೆಲ್ಲ ಅದನ್ನೇ ನೋಡುತ್ತಿದ್ದರು. ಯಶೋದಮ್ಮನ ಕಣ್ಣು ಮಾತ್ರ ಕೆಳಗಿನ ಹಲಗೆಯ ಮೂಲೆಗೆ ಹೋಗಿ ಅಲ್ಲೇ ನಿಂತಿತು. ಅಲ್ಲೊಂದು ತಗಡಿನ ಬೋಗಿ ಇತ್ತು. ಕಾವಿಗೆಂಪು ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು, ಒಂದು ಚಕ್ರ ಇರಲಿಲ್ಲ. ಕಿಟಕಿಗಳು ಕೊರೆದವಲ್ಲ, ಬಣ್ಣದಲ್ಲಿ ಬರೆದವು. ಒಂದು ಕಿಟಕಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು, ಮೂಗಿನ ಎರಡೂ ಕಡೆ ಬೊಟ್ಟು, ಎಲೆಅಡಿಕೆ ಹಾಕಿ ಕೆಂಪಾದ ತುಟಿ.

"ದುರುಗವ್ವ!" ಅಂದಳು ಯಶೋದಮ್ಮ, ಊದಿದ ಬಾಯಿಂದಲೇ.

"ಯಾರವ್ವಾ?" ಸುಮಾ ಸುತ್ತ ನೋಡಿದಳು. ಕೋಣೆಯಲ್ಲಿ ಆ ಹೆಸರಿನವರು ಯಾರೂ ಇದ್ದಂತಿರಲಿಲ್ಲ.

ಹಲ್ಲು ಕಿತ್ತದ್ದು ಯಶೋದಮ್ಮನಿಗೆ ಸರಿಯಾಗಿ ತಿಳಿಯಲೇ ಇಲ್ಲ. ಕುರ್ಚಿಯಲ್ಲಿ ಅಂಗಾತ ಮಲಗಿ, ಬಾಯಿ ತೆರೆದು, ಕಣ್ಣು ಮುಚ್ಚಿ ಅವಳು ಮನಸ್ಸಿನಲ್ಲೇ, ಹಿಂದೆ ತಾನು ಬಣ್ಣ ಹಚ್ಚುತ್ತಿದ್ದ ಹರಿಹರದ ಶೆಡ್ಡಿನಲ್ಲಿದ್ದಳು. ಹತ್ತಿ ಕಚ್ಚಿಸಿ ಕೂಡಿಸಿದ ಡಾಕ್ಟರು, "ಮಾತಾಡಬ್ಯಾಡ್ರಿ ಅಮ್ಮಾ, ಒಂದು ಗಂಟೆ" ಅಂದರು. ಅವಳು ಮಾತಾಡಲಿಲ್ಲ. ಅವರ ತೋಳು ಹಿಡಿದು ಹೊರಗಿನ ಬೀರುವಿನವರೆಗೆ ಕರೆದುಕೊಂಡು ಹೋಗಿ ಬೋಗಿಯತ್ತ ಬೆರಳು ತೋರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಗಾಳಿಯಲ್ಲಿ ಕುಂಚ ಆಡಿಸಿದಳು.

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಂದಿನ ರೋಗಿಯನ್ನೂ ಮರೆತು ನಿಂತುಬಿಟ್ಟರು. "ಇದು ನನಗೆ ನಮ್ಮಜ್ಜ ಕೊಡಿಸಿದ್ದು. ಉಕ್ಕಡಗಾತ್ರಿ ಗುಡಿಗೆ ಅಮಾವಾಸ್ಯೆಗೆ ಹೋದಾಗ. ಸೇತುವೆ ಮಾರ್ಕ್! ಈ ಮುಖಗಳನ್ನ ಬರದೋರು ನೀವಾ?"

ಯಶೋದಮ್ಮ ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂದಿತ್ತು. ಸುಮಾ ಅದು ಹಲ್ಲಿನ ನೋವಿಗೆ ಅಂದುಕೊಂಡಳು.

ಯಶೋದಮ್ಮ ಹುಟ್ಟಿದ್ದು ಹರಿಹರದಲ್ಲಿ. ಅಪ್ಪ ಗಿಡ್ಡಪ್ಪ ಬೋರ್ಡು ಬರೆಯುವವನು. ಅಂಗಡಿಗಳ ಹೆಸರು, ಲಾರಿಗಳ ಹಿಂದಿನ ನವಿಲು, ಚುನಾವಣೆ ಬಂದರೆ ಗೋಡೆಗಳ ಮೇಲಿನ ಚಿಹ್ನೆ, ಎಲ್ಲ ಅವನ ಕೈಯಿಂದಲೇ ಆಗುತ್ತಿತ್ತು. ಬಣ್ಣದ ವಾಸನೆಗೆ ಅವನ ಎದೆ ಕಟ್ಟತೊಡಗಿದಾಗ ಮಗಳು ಕುಂಚ ಹಿಡಿದಳು. ಆದರೆ ಪ್ರಾಯದ ಹುಡುಗಿಯನ್ನು ಏಣಿ ಹತ್ತಿಸಿ ಬಜಾರಿನಲ್ಲಿ ಬೋರ್ಡು ಬರೆಸುವ ಧೈರ್ಯ ಆ ಕಾಲಕ್ಕೆ ಗಿಡ್ಡಪ್ಪನಿಗಿರಲಿಲ್ಲ. ಕೂತಲ್ಲೇ ಮಾಡುವ ಬಣ್ಣದ ಕೆಲಸ ಎಲ್ಲಾದರೂ ಇದ್ದೀತೇ ಎಂದು ವಿಚಾರಿಸುತ್ತ ಅವನು ಒಂದು ದಿನ ಅವಳನ್ನು ರೈಲ್ವೆ ಗೇಟಿನ ಆಚೆಗಿದ್ದ ಮಲ್ಲೇಶಪ್ಪನವರ ಶೆಡ್ಡಿಗೆ ಕರೆದುಕೊಂಡು ಹೋದ.

ಮಲ್ಲೇಶಪ್ಪನವರು ಹರಿಹರದ ಒಂದು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದರ ಮರದ ಅಚ್ಚು ಮಾಡುವ ಕೆಲಸ. ಹಿಂದೊಮ್ಮೆ ಆ ಕಾರ್ಖಾನೆಗೆ ಯಂತ್ರ ಕೂಡಿಸಲು ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದನಂತೆ. ಕ್ರಿಸ್‌ಮಸ್ ದಿನ ಅವನು ಅತಿಥಿಗೃಹದ ಊಟದ ಮೇಜಿನ ಮೇಲೆ ಪುಟ್ಟ ರೈಲು ಓಡಿಸಿದ. ಹಳಿ ಕೂಡಿಸಲು ಹಲಗೆ ಬೇಕೆಂದು ಮಲ್ಲೇಶಪ್ಪನವರನ್ನು ಕರೆಸಿದ್ದರು. ಅವರು ಹಲಗೆ ಕೂಡಿಸಿದವರೇ ಮೂಲೆಯಲ್ಲಿ ನಿಂತು, ಎಲ್ಲರೂ ಊಟಕ್ಕೆ ಏಳುವವರೆಗೂ ಅದನ್ನೇ ನೋಡಿದರು. ಆ ಜರ್ಮನ್ ತನ್ನ ರೈಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಗೆ ಹೋದ. ಆಗೆಲ್ಲ ಪರದೇಶದ ಆಟದ ಸಾಮಾನು ತರಿಸುವುದು ಕೈಗೆಟುಕದ ಮಾತು. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಪರಿಚಯವಿದ್ದವರಿಗೆ ಉಂಟು, ಹರಿಹರದ ಬಡಗಿಗೆಲ್ಲಿ?

"ತರಿಸಾಕೆ ಆಗಲಿಲ್ಲ, ಅದಕ್ಕೆ ಮಾಡಿದೆ" ಎನ್ನುತ್ತಿದ್ದರು ಮಲ್ಲೇಶಪ್ಪನವರು, ಕೇಳಿದವರಿಗೆಲ್ಲ.

ಮೊದಲು ನೆನಪಿನಿಂದ ಜರ್ಮನಿಯ ಇಂಜಿನ್ನನ್ನೇ ಮಾಡಲು ಹೋದರು. ಅದು ಬರಲಿಲ್ಲ. ಆಮೇಲೆ ದಿನಾ ಮನೆಯ ಮುಂದೆ ಹಾದುಹೋಗುವ ಸಣ್ಣ ಗೇಜಿನ ಉಗಿಬಂಡಿಯೇ ಕಣ್ಣೆದುರಿಗಿದೆಯಲ್ಲ ಅನ್ನಿಸಿತು. ಸ್ಟೇಷನ್ನಿಗೆ ಹೋಗಿ ನೀರು ಕುಡಿಯಲು ನಿಂತ ಇಂಜಿನ್ನಿನ ಸುತ್ತ ತಿರುಗಿದರು. ಡ್ರೈವರುಗಳು ಗುರುತಾದರು. ಡಬ್ಬಿ ಕೆಲಸದ ಇಮಾಮ್ ಸಾಬರು ತಗಡು ಕತ್ತರಿಸಿ ಬೆಸುಗೆ ಹಾಕಲು ಜೊತೆಯಾದರು. ಹೊಸ ತಗಡು ದುಬಾರಿ. ದಾವಣಗೆರೆಯಲ್ಲಿ ಎಣ್ಣೆ ಗಿರಣಿಗಳಿದ್ದವು, ಶೇಂಗಾ ಎಣ್ಣೆಯ ಖಾಲಿ ಡಬ್ಬಗಳು ಗಾಡಿಗಟ್ಟಲೆ ಸಿಗುತ್ತಿದ್ದವು. ಅವನ್ನು ಬಿಸಿನೀರು, ಸೋಡಾದಲ್ಲಿ ತೊಳೆದು, ಬಿಚ್ಚಿ, ಬಡಿದು ಚಪ್ಪಟೆ ಮಾಡಿದರೆ ಬೋಗಿಗೆ ಮೈ ಸಿಕ್ಕಿತು. ಆ ರೈಲಿನ ಬೋಗಿಯನ್ನು ಇವತ್ತು ಮಗುಚಿ ನೋಡಿದರೂ ಚಾವಣಿಯ ಒಳಗೆ "ಶುದ್ಧ ಶೇಂಗಾ" ಎಂಬ ಅಕ್ಷರ ಕಾಣುತ್ತದೆ. ಟೇಪ್ ರೆಕಾರ್ಡರಿನ ಮೋಟಾರು, ಟಾರ್ಚಿನ ಸೆಲ್ಲು. ರಟ್ಟಿನ ಪೆಟ್ಟಿಗೆಯ ಮೇಲೆ ತುಂಗಭದ್ರೆಯ ರೈಲು ಸೇತುವೆಯ ಚಿತ್ರ. ಅದಕ್ಕೇ ಸೇತುವೆ ಮಾರ್ಕ್.

ಯಶೋದೆ ಸೇರಿದಾಗ ಶೆಡ್ಡಿನಲ್ಲಿ ಬಣ್ಣಕ್ಕೆ ಇನ್ನೂ ಕೆಲವು ಹೆಂಗಸರಿದ್ದರು. ಅವರು ಬೋಗಿಗೆ ಕಾವಿಗೆಂಪು ಬಳಿದು, ಕಿಟಕಿ ಇರಬೇಕಾದಲ್ಲಿ ಬೆಳ್ಳಿಬಣ್ಣದ ಚೌಕ ಬರೆಯುತ್ತಿದ್ದರು. ಅವಳೂ ಕೆಲವು ದಿನ ಹಾಗೆಯೇ ಬರೆದಳು. ಬರೆಬರೆಯುತ್ತ ಬೇಸರವಾಯಿತು. ಜನವೇ ಇಲ್ಲದ ರೈಲು! ಹರಿಹರದ ಪ್ಲಾಟ್‌ಫಾರ್ಮಿನಲ್ಲಿ ಹುರಿದ ಶೇಂಗಾ ಮಾರುವ ದುರುಗವ್ವ ಅವಳ ಓಣಿಯವಳು. ಹುಟ್ಟಿದಂದಿನಿಂದ ರೈಲಿನ ಪಕ್ಕದಲ್ಲೇ ಇದ್ದರೂ ಒಮ್ಮೆಯೂ ರೈಲು ಹತ್ತಿದವಳಲ್ಲ. ಯಶೋದೆ ಒಂದು ಕಿಟಕಿಯಲ್ಲಿ ಅವಳನ್ನು ಕೂರಿಸಿದಳು.

ಸಂಜೆ ಮಲ್ಲೇಶಪ್ಪನವರು ಬೋಗಿಗಳನ್ನು ಒಂದೊಂದಾಗಿ ನೋಡುತ್ತ ಬಂದು ಅದರ ಹತ್ತಿರ ನಿಂತರು. ಕನ್ನಡಕ ಹಣೆಗೇರಿಸಿ, ಬೋಗಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಬೈಗುಳಕ್ಕೆ ಯಶೋದೆ ಸಿದ್ಧಳಾಗಿ ಸೆರಗು ಬಿಗಿ ಮಾಡಿಕೊಂಡಳು.

"ದುರುಗವ್ವನ್ನ ಕೂರಿಸಿದೆ" ಅಂದರು ಅವರು. "ಉಳಿದ ಕಿಟಕಿಗೆ ಯಾರು?"

ಅಂದಿನಿಂದ ಸೇತುವೆ ಮಾರ್ಕಿನ ರೈಲಿಗೆ ಜನ ಹತ್ತತೊಡಗಿದರು. ಪೇಟ ಸುತ್ತಿದ ಗಿಡ್ಡಪ್ಪ, ಕಿವಿಗೆ ಬೀಡಿ ಸಿಗಿಸಿಕೊಂಡ ಇಮಾಮ್ ಸಾಬರು, ಹೊಸ ಮದುಮಗಳು, ಕಿಟಕಿಯಿಂದ ಕೈ ಹೊರಹಾಕಿ ಬೈಸಿಕೊಳ್ಳುವ ಕೂಸು. ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಐದಾರು ಚುಕ್ಕೆ. ಚುಕ್ಕೆ ಇಡುವಾಗ ಉಸಿರು ಬಿಡಬಾರದು, ಬಿಟ್ಟರೆ ಮೂಗು ಕೆನ್ನೆಗೆ ಹೋಗುತ್ತಿತ್ತು. ಅಂಗಡಿಯವರು "ಮುಖ ಇರೋ ರೈಲು ಕೊಡ್ರಿ" ಎಂದೇ ಕೇಳುವಂತಾಯಿತು. ಹುಬ್ಬಳ್ಳಿ, ಚಿತ್ರದುರ್ಗಕ್ಕೂ ಪೆಟ್ಟಿಗೆಗಳು ಹೋದವು. ಮಧ್ಯಾಹ್ನ ಮಂಡಕ್ಕಿ ಕಲಸಿ ನಡುವೆ ಇಟ್ಟುಕೊಂಡು ಎಲ್ಲರೂ ಒಂದೇ ಹಾಳೆಯಿಂದ ತಿನ್ನುತ್ತಿದ್ದರು. ಹುಬ್ಬಳ್ಳಿ ಕಡೆಯ ರೈಲು ಬರುವ ಹೊತ್ತಿಗೆ ಶೆಡ್ಡಿನ ತಗಡು ನಡುಗುತ್ತಿತ್ತು. ಆಗ ಮಾತ್ರ ಎಲ್ಲರೂ ಕುಂಚ ಎತ್ತಿ ಹಿಡಿದು, ಅದು ದಾಟುವವರೆಗೆ ಸುಮ್ಮನೆ ಕೂರುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ನೆನೆದರೆ ಯಶೋದಮ್ಮನಿಗೆ ಈಗಲೂ ಮೈಯೆಲ್ಲ ಹಗುರಾಗುತ್ತದೆ. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೂ ಅವಳು ಬೆಳಿಗ್ಗೆಯ ಗಾಡಿ ಹಿಡಿದು ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಗಂಡ ಸಿದ್ದೇಶ್ ಒಳ್ಳೆಯವನು. "ರೈಲು ಮಾಡಾಕೆ ರೈಲಾಗೆ ಹೋಗ್ತಾಳೆ ನಮ್ಮಾಕಿ" ಎಂದು ನಗುತ್ತಿದ್ದ.

ಸಣ್ಣ ಗೇಜು ಕಿತ್ತು ದೊಡ್ಡ ಗೇಜು ಹಾಕಿದರು. ಉಗಿಬಂಡಿ ಹೋಯಿತು. ಮಲ್ಲೇಶಪ್ಪನವರು ಮಾತ್ರ ಉಗಿಬಂಡಿಯನ್ನೇ ಮಾಡುತ್ತ ಹೋದರು, ಮಕ್ಕಳು ಕೊಳ್ಳುತ್ತಲೇ ಇದ್ದರು. ಅದಾಗಿ ಕೆಲವು ವರ್ಷಕ್ಕೆ ಬಂದದ್ದು ಚೀನಾ ಮಾಲು.

ಮೊದಲು ಒಂದೆರಡು ಅಂಗಡಿಗಳಲ್ಲಿ ಕಾಣಿಸಿತು. ಆಮೇಲೆ ಮೂಟೆಗಟ್ಟಲೆ ಬಂತು. ಪ್ಲಾಸ್ಟಿಕ್ಕಿನ ರೈಲು, ದೀಪ ಹತ್ತುತ್ತದೆ, ಕೂಗುತ್ತದೆ, ಹೊಗೆ ಬಿಡುತ್ತದೆ. ಬೆಲೆ ಸೇತುವೆ ಮಾರ್ಕಿನ ಅರ್ಧಕ್ಕೂ ಕಡಿಮೆ. ನಾಲ್ಕು ದಿನಕ್ಕೆ ಮುರಿಯುತ್ತದೆ, ಆದರೆ ಮಕ್ಕಳ ಆಟದ ಸಾಮಾನು ಎಷ್ಟು ದಿನ ಬಾಳಬೇಕೆಂದು ಯಾರು ಕೇಳುತ್ತಾರೆ? ದಾವಣಗೆರೆಯ ಅಂಗಡಿಯವರು ಒಬ್ಬೊಬ್ಬರಾಗಿ, "ಈ ಸಲ ಬ್ಯಾಡ್ರಿ, ಹಳೇದೇ ಕುಂತೈತೆ" ಎನ್ನತೊಡಗಿದರು.

ಶೆಡ್ಡಿನ ವ್ಯಾಪಾರ ನೋಡಿಕೊಳ್ಳುತ್ತಿದ್ದವನು ಮಲ್ಲೇಶಪ್ಪನವರ ಅಕ್ಕನ ಮಗ ಗಿರೀಶ. ಓಡಾಡುವ ಮನುಷ್ಯ. ಅವನು ಮುಂಬೈಗೆ ಹೋಗಿ ಒಂದು ಟೆಂಪೋ ತುಂಬ ಚೀನಾ ರೈಲು ತಂದು ಶೆಡ್ಡಿನಲ್ಲಿ ಇಳಿಸಿದ. "ಮಾವ, ಪೆಟ್ಟಿಗೆ ನಮ್ಮದು, ಒಳಗಿನ ಮಾಲು ಅವರದು. ಬಾಗಿಲು ತೆಗೆದಿದ್ರೆ ಸಾಕಲ್ಲ" ಅಂದ. ಮಲ್ಲೇಶಪ್ಪನವರು ಹ್ಞೂಂ ಅನ್ನಲಿಲ್ಲ, ಬ್ಯಾಡ ಅನ್ನಲೂ ಇಲ್ಲ. ಮರುದಿನ ಹೆಂಗಸರಿಗೆ ಹೊಸ ಕೆಲಸ ಬಂತು. ಆ ರೈಲಿನ ಹೊಟ್ಟೆಯ ಮೇಲಿನ ಅಕ್ಷರ ಕೆರೆದು, ಮೇಲೆ ಸೇತುವೆಯ ಚೀಟಿ ಅಂಟಿಸುವುದು.

ಯಶೋದೆ ಎರಡು ದಿನ ಅಂಟಿಸಿದಳು. ಮೂರನೆಯ ದಿನ ಅಂಟಿನ ಬಟ್ಟಲು ಕೆಳಗಿಟ್ಟು ಮಲ್ಲೇಶಪ್ಪನವರ ಮುಂದೆ ಹೋಗಿ ನಿಂತಳು.

"ಮಲ್ಲೇಶಣ್ಣಾರೆ, ಇದು ನನ್ನ ಕೈಲಿ ಆಗಂಗಿಲ್ರಿ."

"ಅಂಟು ಕೈಗೆ ಹತ್ತತೈತಾ?" ಎಂದರು ಅವರು, ಬೇರೆ ಕಡೆ ನೋಡುತ್ತ.

"ಅಂಟಲ್ರಿ."

ಅವರು ಕೈಯಲ್ಲಿದ್ದ ಚಕ್ರವೊಂದನ್ನು ತಿರುಗಿಸಿ ನೋಡತೊಡಗಿದರು. ಅವಳು ಚೀಲ ತೆಗೆದುಕೊಂಡು ಸ್ಟೇಷನ್ನಿಗೆ ನಡೆದಳು. ಜಗಳವಾಗಲಿಲ್ಲ, ಯಾರೂ ದನಿ ಏರಿಸಲಿಲ್ಲ. ಆದರೆ ಒಂದು ಮಾತಾದರೂ ಆಡಬೇಕಿತ್ತು ಅವರು ಎಂಬ ಸಿಟ್ಟು ಅವಳಲ್ಲಿ ಉಳಿಯಿತು. ಅವರ ಮೇಲಿನದಕ್ಕಿಂತ ಆ ಚೀನಾ ಮಾಲಿನ ಮೇಲೆ ಹೆಚ್ಚು. ಮುಂದೆ ಸೀರೆಗೆ ಫಾಲು ಹಚ್ಚಿ, ಕುಚ್ಚು ಕಟ್ಟಿ ಸಂಸಾರಕ್ಕೆ ಕೈಜೋಡಿಸಿದಳು. ಶೆಡ್ಡು ಮುಚ್ಚಿತೆಂದು ಯಾರೋ ಹೇಳಿದರು. ಇಮಾಮ್ ಸಾಬರು ತೀರಿಕೊಂಡದ್ದು ತಿಂಗಳಾದ ಮೇಲೆ ತಿಳಿಯಿತು. ಮೊಮ್ಮಕ್ಕಳಿಗೆ ಆಟದ ಸಾಮಾನು ತರಲು ಹೋದರೆ ಮಗುಚಿ ಎಲ್ಲಿಯದೆಂದು ನೋಡಿ ಕೆಳಗಿಡುವುದು ಅವಳ ಅಭ್ಯಾಸವಾಯಿತು.

ಹಲ್ಲಿನ ಗಾಯ ಮಾದ ಮೇಲೆ ಡಾಕ್ಟರ್ ಅಂಜನ್ ಅವಳನ್ನು ಮನೆಗೇ ಕರೆಸಿದರು. ಮಾಳಿಗೆಯ ಕೋಣೆಯ ತುಂಬ ಸೊಂಟದೆತ್ತರದ ಹಲಗೆ, ಹಲಗೆಯ ಮೇಲೆ ಹಳಿ. ಹಲ್ಲಿನ ಅಚ್ಚು ತೆಗೆಯುವ ಸುಣ್ಣದಲ್ಲೇ ಗುಡ್ಡ ಮಾಡಿದ್ದರು, ನದಿ ಮಾಡಿದ್ದರು, ಹರಿಹರದ ಸೇತುವೆ ನಿಲ್ಲಿಸಿದ್ದರು. ದಾವಣಗೆರೆಯ ಹಳೆಯ ಸ್ಟೇಷನ್ನೂ ಇತ್ತು. ಯಶೋದಮ್ಮ ಬಗ್ಗಿ ಪ್ಲಾಟ್‌ಫಾರ್ಮ್ ನೋಡಿದಳು. ಹುಣಸೆಬೀಜದುದ್ದದ ಜನ ನಿಂತಿದ್ದರು. ಉದ್ದ ಕೋಟು, ತಲೆಗೆ ಟೋಪಿ, ಕುತ್ತಿಗೆಗೆ ಉಣ್ಣೆಯ ಶಾಲು.

ಅವಳಿಗೆ ನಗು ತಡೆಯಲಾಗಲಿಲ್ಲ. "ಏನ್ರಿ ಡಾಕ್ಟ್ರೆ, ದಾವಣಗೆರಿ ಬಿಸಿಲಾಗೆ ಇವ್ರು ಹೆಂಗೆ ನಿಂತಾರೆ?"

"ಅದೇ ನೋಡ್ರಿ ನನ್ನ ಕಷ್ಟ" ಅಂದರು ಡಾಕ್ಟರು. "ಇಂಜಿನ್ನು, ಹಳಿ ಎಲ್ಲ ಹೊರಗಿಂದ ತರಿಸೋದು. ಈಗ ಸುಂಕ ಜಾಸ್ತಿ ಆಗೈತೆ, ಪಾರ್ಸಲ್ಲು ಕಸ್ಟಮ್ಸ್‌ನಾಗೆ ತಿಂಗಳುಗಟ್ಟಲೆ ಕೂರ್ತವೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆತು. ನಮ್ಮ ಬೋಗಿಗಳನ್ನ ನಮ್ಮೋರೇ ಮಾಡಾಕೆ ಶುರು ಮಾಡ್ಯಾರೆ. ಬೆಂಗಳೂರಾಗೆ, ಪುಣೆದಾಗೆ ಮನೇಲೇ ಪ್ರಿಂಟರ್ ಇಟ್ಕೊಂಡು ಮಾಡೋರು ಅದಾರೆ. ಆದ್ರೆ ಜನ ಮಾಡೋರು ಯಾರೂ ಇಲ್ಲ. ಸೀರೆ ಉಟ್ಟೋರು, ಪಂಚೆ ಉಟ್ಟೋರು, ತಲೆಮ್ಯಾಲೆ ಬುಟ್ಟಿ ಇಟ್ಕೊಂಡೋರು ಎಲ್ಲೂ ಸಿಗಂಗಿಲ್ಲ."

ಅವರು ಒಂದು ಪೆಟ್ಟಿಗೆ ಪರದೇಶಿ ಜನರನ್ನು, ಹಲ್ಲಿನ ಅಚ್ಚಿಗೆ ಬಳಸುವ ಮೇಣವನ್ನು, ತೆಳ್ಳನೆಯ ಕುಂಚಗಳನ್ನು ಅವಳ ಕೈಗಿತ್ತರು. ಅವಳು ಬೇಡವೆನ್ನಲು ಬಾಯಿ ತೆರೆದಳು. ಆದರೆ ಕೈ ಆಗಲೇ ಕುಂಚದ ತುದಿಯನ್ನು ಬೆರಳ ಮೇಲೆ ಆಡಿಸಿ ನೋಡುತ್ತಿತ್ತು.

ಮೊದಲ ವಾರದ ಜನ ಕೆಟ್ಟುಹೋದರು. ಮೇಣದ ಸೀರೆ ದಪ್ಪವಾಗಿ ಎಲ್ಲರೂ ಗಾಣದ ಗುಂಡಿನಂತೆ ಕಂಡರು. ಕಣ್ಣು ಮೊದಲಿನಂತಿಲ್ಲ, ಕೈ ಅಲ್ಲಾಡುತ್ತದೆ. ಸುಮಾ ಮೇಜಿಗೆ ಭೂತಗನ್ನಡಿ ಕಟ್ಟಿಕೊಟ್ಟಳು. ಯಶೋದಮ್ಮ ಮೇಣ ಬಿಟ್ಟು ಕುಚ್ಚಿನ ರೇಷ್ಮೆ ಎಳೆಯನ್ನು ಅಂಟಿನಲ್ಲಿ ಅದ್ದಿ ಸುತ್ತಿ ನೋಡಿದಳು. ಸೆರಗಿಗೆ ಮಡಿಕೆ ಬಂತು. ಕೋಟು ಕೆರೆದು ಪಂಚೆ ಮಾಡಿದಳು, ಟೋಪಿ ಕತ್ತರಿಸಿ ಬುಟ್ಟಿ ಹೊರುವ ಸಿಂಬಿ ಮಾಡಿದಳು. ಮಂಜಿನಲ್ಲಿ ಜಾರಲು ಕೋಲು ಹಿಡಿದು ನಿಂತಿದ್ದ ಒಬ್ಬ ಕುರಿ ಕಾಯುವವನಾದ. ಡಾಕ್ಟರು ಅವರನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ ಫೋಟೋ ತೆಗೆದು ತಮ್ಮ ರೈಲು ಗೆಳೆಯರ ಗುಂಪಿಗೆ ಕಳಿಸಿದರು. ನಮಗೂ ಬೇಕೆಂದು ಮೊಬೈಲು ಸಂಜೆಯವರೆಗೂ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು.

"ಮಲ್ಲೇಶಪ್ಪನೋರು ಇದ್ದಿದ್ರೆ ತೋರಿಸ್ಬಹುದಿತ್ತು" ಅಂದರು ಡಾಕ್ಟರು.

"ಅದಾರಂತೆ" ಅಂದಳು ಯಶೋದಮ್ಮ. ಪ್ಲಾಟ್‌ಫಾರ್ಮಿನಲ್ಲಿ ವಾಲಿದ್ದ ಒಬ್ಬನನ್ನು ನೆಟ್ಟಗೆ ನಿಲ್ಲಿಸುತ್ತ, "ನಾನು ಹೋಗಿಲ್ಲ" ಎಂದಳು.

ಭಾನುವಾರ ಡಾಕ್ಟರ ಕಾರಿನಲ್ಲಿ ಹರಿಹರಕ್ಕೆ ಹೋದರು. ಮಲ್ಲೇಶಪ್ಪನವರಿಗೆ ಎಂಬತ್ತು ದಾಟಿ ವರ್ಷಗಳಾಗಿದ್ದವು. ಗಿರೀಶನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಗಿರೀಶನಿಗೂ ತಲೆ ನರೆತಿತ್ತು. ಅವನೇ ಬಾಗಿಲಿಗೆ ಬಂದು, "ಬರ್ರಿ ಅಕ್ಕಾರೆ, ಕೂಡ್ರಿ" ಎಂದು, ಅವಳ ಮುಖ ನೋಡಲಾರದೆ ಚಹಾ ಮಾಡಿಸಲು ಒಳಗೆ ಹೋದ.

"ಯಾರು?" ಎಂದರು ಮುದುಕರು.

"ನಾನ್ರಿ, ಗಿಡ್ಡಪ್ಪನ ಮಗಳು."

ಅವರು ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ ಮಂಚದ ಅಂಚನ್ನು ತಟ್ಟಿ ಕೂರಲು ತೋರಿಸಿದರು. "ನೀ ಹೋದ ಮ್ಯಾಲೆ ಉಳಿದೋರೂ ಅಂಟು ಕಲಸಲಿಲ್ಲ ಯವ್ವಾ. ತಂದ ಮಾಲು ಅರ್ಧಕ್ಕೆ ಕೊಟ್ಟು ಬಾಗಿಲು ಹಾಕಿದೆ. ನಿಂಗೆ ಹೇಳಿ ಕಳಿಸ್ಬೇಕಿತ್ತು. ಯಾವ ಬಾಯಿಲೆ ಹೇಳಲಿ?"

ಅಷ್ಟೇ. ಇಷ್ಟು ವರ್ಷ ಅವಳು ಕಾದ ಮಾತು ಅದೇ ಇರಬೇಕು, ಕೇಳಿದ ಮೇಲೆ ಅದಕ್ಕೆ ಉತ್ತರ ಬೇಕೆನ್ನಿಸಲಿಲ್ಲ. ಅವರ ಕಾಲಿನ ಮೇಲಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು.

ಡಾಕ್ಟರು ತಮ್ಮ ಬೀರುವಿನಲ್ಲಿದ್ದ ಆ ಕಪ್ಪು ಇಂಜಿನ್ನನ್ನು ಚೀಲದಿಂದ ತೆಗೆದು ಮಲ್ಲೇಶಪ್ಪನವರ ಅಂಗೈಯ ಮೇಲಿಟ್ಟರು. ಅವರ ಬೆರಳುಗಳು ಹೊಗೆಕೊಳವೆಯಿಂದ ಚಕ್ರದವರೆಗೆ ನಿಧಾನವಾಗಿ ಹೋಗಿ ಬಂದವು.

"ಭಾಳ ಚೆನ್ನಾಗಿ ಮಾಡ್ಯಾರೆ. ಜರ್ಮನಿದಾ?"

"ಕಂಪನಿ ಜರ್ಮನಿದು ಅಜ್ಜಾರೆ. ಮಾಡೋದು ಚೀನಾದಾಗೆ."

ಯಶೋದಮ್ಮ ಮುಖ ತಿರುಗಿಸಿದಳು. ಅದು ಡಾಕ್ಟರ ಕಣ್ಣಿಗೆ ಬಿತ್ತೋ ಏನೋ, ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿ ಅವಳ ಮುಂದೆ ಹಿಡಿದರು. ಉದ್ದನೆಯ ಕೋಣೆ, ಬಿಳಿ ದೀಪ, ಸಾಲಾಗಿ ಕೂತ ಹೆಂಗಸರು. ತಲೆಗೂದಲಿಗೆ ನೀಲಿ ಟೋಪಿ, ಕೈಯಲ್ಲಿ ಕುಂಚ. ಒಬ್ಬಾಕೆ ಯಶೋದಮ್ಮನ ವಯಸ್ಸಿನವಳೇ. ಎಡಗೈಯಲ್ಲಿ ಇಂಜಿನ್ನಿನ ಮೈ, ಬಲಗೈಯಲ್ಲಿ ಕುಂಚ. ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಎಳೆದು ಚೂಪು ಮಾಡಿಕೊಂಡಳು. ತುಟಿ ಬಿಗಿದಳು. ಉಸಿರು ಹಿಡಿದಳು. ಕೆಂಪು ಗೆರೆ ಎಳೆದಳು.

ನೋಡುತ್ತಿದ್ದ ಯಶೋದಮ್ಮನ ಉಸಿರೂ ನಿಂತಿತ್ತು. ಗೆರೆ ಮುಗಿದಾಗ ಇಬ್ಬರೂ ಒಟ್ಟಿಗೇ ಬಿಟ್ಟಂತಾಯಿತು.

"ಇನ್ನೊಮ್ಮೆ ಹಾಕ್ರಿ" ಅಂದಳು. ಎರಡನೆಯ ಸಲ ಆ ಹೆಂಗಸಿನ ಮುಖವನ್ನಷ್ಟೇ ನೋಡಿದಳು. ಮುಗಿದ ಇಂಜಿನ್ನನ್ನು ತಟ್ಟೆಗಿಟ್ಟು, ಕುತ್ತಿಗೆ ನೋಯುತ್ತದೆಂಬಂತೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಮುಂದಿನದಕ್ಕೆ ಕೈ ಚಾಚುವ ಆಕೆಯ ಮೇಲೆ ಎಷ್ಟು ಹುಡುಕಿದರೂ ಸಿಟ್ಟು ಬರಲಿಲ್ಲ.

"ಏನು ನೋಡಾಕತ್ತೀರಿ?" ಎಂದರು ಮಲ್ಲೇಶಪ್ಪನವರು. ಅವರಿಗೆ ಅಷ್ಟು ಸಣ್ಣದು ಕಾಣುವುದಿಲ್ಲ.

"ಅಲ್ಲಿ ಬಣ್ಣದೋರನ್ನ ನೋಡ್ತೀನ್ರಿ. ನಮ್ಮಂಗೇ ಸಾಲಾಗಿ ಕುಂತಾರೆ."

"ಇರ್ತಾರೆ, ಇರ್ತಾರೆ. ಅವರಿಗೂ ಒಬ್ಬ ಗಿರೀಶ ಇರ್ತಾನೆ ಬಿಡು."

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಗಿರೀಶ ಬಾಗಿಲಲ್ಲೇ ನಿಂತ. ಮೊದಲು ನಕ್ಕಿದ್ದು ಯಶೋದಮ್ಮ. ಆಮೇಲೆ ಅವನೂ ನಕ್ಕ. ತಟ್ಟೆಯಲ್ಲಿ ಚಹಾ ಚೆಲ್ಲಿತು.

ಹೊರಡುವ ಮುಂಚೆ ಡಾಕ್ಟರು ಕೇಳಿದರು, "ಯಶೋದಮ್ಮಾರು ಮಾಡೋ ಜನಕ್ಕೆ ಸೇತುವೆ ಮಾರ್ಕ್ ಅಂತಾನೇ ಹೆಸರಿಡೋಣೇನ್ರಿ ಅಜ್ಜಾರೆ?"

ಮಲ್ಲೇಶಪ್ಪನವರು ಬೇಡವೆಂದು ತಲೆಯಾಡಿಸಿದರು. "ಅದು ತಗಡಿನ ಹೆಸರು. ತಗಡಿನ ಜೊತಿಗೆ ಹೋತು. ಇದು ಈಕಿದು. ಈಕಿನೇ ಏನಾರ ಇಟ್ಕಳ್ಳಲಿ."

ಅವಳು ಇನ್ನೂ ಏನೂ ಇಟ್ಟಿಲ್ಲ. ಹೆಸರಿಲ್ಲದೆಯೇ ಡಾಕ್ಟರ ರೈಲು ಗೆಳೆಯರಿಗೆ ಪೆಟ್ಟಿಗೆಗಳು ಹೋಗುತ್ತವೆ. ಈಗ ಪರದೇಶದ ಜನರನ್ನು ಕೆರೆಯುವ ಕೆಲಸವಿಲ್ಲ. ಪುಣೆಯ ಒಬ್ಬರು ಬರಿಮೈ ಜನರನ್ನು ಅಚ್ಚು ಮಾಡಿ ಕಳಿಸುತ್ತಾರೆ, ಇವಳು ಉಡಿಸಿ ಮುಖ ಕೊಡುತ್ತಾಳೆ. ಮಧ್ಯಾಹ್ನ ಓಣಿಯ ರೇವತಿ, ಲಕ್ಷ್ಮೀದೇವಿ ಬಂದು ಕೂರುತ್ತಾರೆ. ಲಕ್ಷ್ಮೀದೇವಿಯ ಕೈ ಇನ್ನೂ ಪಳಗಿಲ್ಲ, ಅವಳು ಸುತ್ತಿದ ಪೇಟಗಳೆಲ್ಲ ಒಂದು ಕಡೆ ವಾಲುತ್ತವೆ. ಹೆಚ್ಚು ಮಾಡಿ ಕೊಡಿ ಎಂದು ಕೇಳುವವರಿಗೆ ಯಶೋದಮ್ಮ, "ಜನ ನಿಧಾನಕ್ಕೇ ಹುಟ್ಟಬೇಕ್ರಿ" ಎನ್ನುತ್ತಾಳೆ.

ದೀಪಾವಳಿ ಕಳೆದ ಒಂದು ಮಧ್ಯಾಹ್ನ ಗಿರೀಶ ಮಲ್ಲೇಶಪ್ಪನವರನ್ನು ದಾವಣಗೆರೆಗೆ ಕರೆತಂದ. ಕುರ್ಚಿಯಲ್ಲಿ ಕೂರಿಸಿ ಅವನೂ ಡಾಕ್ಟರೂ ಹೊತ್ತು ಮಾಳಿಗೆಗೆ ಏರಿಸಿದರು. ಕಣ್ಣಿಗೆ ಸರಿಯಾಗಿ ಕಾಣದಿದ್ದರೇನು, ಹಲಗೆಯ ಅಂಚಿಗೆ ಕೈಯಿಟ್ಟು, ರೈಲು ಹೊರಟ ಸಣ್ಣ ನಡುಕವನ್ನು ಅಂಗೈಯಲ್ಲೇ ಹಿಡಿದುಕೊಂಡರು. "ಈಗ ಸ್ಟೇಷನ್ ಬಿಟ್ತು" ಅಂದರು. ಯಶೋದಮ್ಮ ಪಕ್ಕದಲ್ಲಿ ಕೂತು ಯಾರು ಯಾರು ಎಲ್ಲೆಲ್ಲಿ ನಿಂತಿದ್ದಾರೆ ಎಂದು ಹೇಳುತ್ತ ಹೋದಳು. ನೀರಿನ ನಲ್ಲಿಯ ಹತ್ತಿರ ಯಾರು, ಬೇವಿನ ಮರದ ಕೆಳಗೆ ಯಾರು, ಹೊಳೆಯಲ್ಲಿ ಬಟ್ಟೆ ಒಗೆಯುವವರು ಯಾರು. ಅವರು ಹ್ಞೂಂ ಹ್ಞೂಂ ಅನ್ನುತ್ತಿದ್ದರು. ರೈಲು ಸೇತುವೆ ದಾಟುವಾಗ ಹ್ಞೂಂಗುಡುವುದು ನಿಂತಿತು. ನೋಡಿದರೆ ತಲೆ ಎದೆಗೆ ಬಾಗಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಡಾಕ್ಟರು ಸ್ವಿಚ್ಚಿಗೆ ಕೈ ಚಾಚಿದರು.

"ಇರ್ಲಿ ಬಿಡ್ರಿ" ಅಂದಳು ಯಶೋದಮ್ಮ. "ಶಬ್ದ ನಿಂತ್ರೆ ಎಚ್ಚರಾಗ್ತಾರೆ."

ಕಿಟಕಿಯ ಬಿಸಿಲು ಹಲಗೆಯ ಮೇಲಿಂದ ಗೋಡೆಗೇರುವವರೆಗೂ ರೈಲು ಸುತ್ತುತ್ತಲೇ ಇತ್ತು.